ಚಹಾದ ಡಬ್ಬಿಯ ಮೇಲೆ ಉಳಿದ ಹೆಸರು: ಚಾರ್ಲ್ಸ್ ಗ್ರೇ



ಲೋಕದಲ್ಲಿ ಹಲವರ ಹೆಸರು ಅವರು ಮಾಡಿದ ಕಾರ್ಯದಿಂದ ಉಳಿಯುತ್ತದೆ. ಅಪರೂಪಕ್ಕೆ ಒಬ್ಬಿಬ್ಬರ ಹೆಸರು ಅವರು ಮಾಡಿದರೆಂದು ಹೇಳಲು ಆಧಾರವೇ ಇಲ್ಲದ ಕಾರ್ಯದಿಂದ ಉಳಿಯುತ್ತದೆ. ಅಂತಹ ಒಬ್ಬನ ಚರಿತ್ರೆಯನ್ನು ಈ ವರ್ಷ ನಿಮ್ಮ ಮುಂದಿಡಲು ನಾವು ಮನಸ್ಸು ಮಾಡಿದ್ದೇವೆ. ಅದಕ್ಕೆ ಕಾರಣವಾದುದು ಒಂದು ಚಹಾದ ಡಬ್ಬಿ.

ಕಳೆದ ವರ್ಷ ದೀಪಾವಳಿಯ ರಜೆ ಮುಗಿದ ತರುವಾಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಗೆ ಬಂದನು. ಚಾಕಣದ ಕಾರಖಾನೆಯೊಂದರಲ್ಲಿ ಕೆಲಸಕ್ಕಿರುವ ಆತನು ಕೆಲವು ವಾರಗಳ ಮಟ್ಟಿಗೆ ಇಂಗ್ಲೆಂಡಿಗೆ ಹೋಗಿ ಬಂದಿದ್ದನು. ಗುರುಗಳಿಗೆಂದು ಆತನು ತಂದ ಡಬ್ಬಿಯಲ್ಲಿ ಬಿಡಿ ಎಲೆಯ ಕಪ್ಪು ಚಹಾ ಇತ್ತು. ಮುಚ್ಚಳವನ್ನು ತೆರೆದೊಡನೆ, ಕಿತ್ತಳೆಯ ಸಿಪ್ಪೆಯನ್ನು ಆಗತಾನೇ ಸುಲಿದಂತಹ, ಆದರೆ ಅದಕ್ಕಿಂತಲೂ ನವುರಾದ ಪರಿಮಳವು ಶಿಕ್ಷಕರ ಕೊಠಡಿಯನ್ನೆಲ್ಲ ತುಂಬಿತು. ನಮಗಾದರೋ ಈ ಊರಿನ ಅಮೃತತುಲ್ಯದ ಅಂಗಡಿಗಳ ಚಹಾ ಅಭ್ಯಾಸವಾಗಿದೆ. ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಎಲ್ಲವನ್ನೂ ಕೂಡಿಸಿ ಕುದಿಸಿದ ಚಹಾ ಅದು. ಆ ಅಭ್ಯಾಸಬಲದಿಂದ ಈ ಎಲೆಯನ್ನೂ ಹಾಲಿಗೆ ಹಾಕಿ ಚೆನ್ನಾಗಿ ಕುದಿಸಿದೆವು. ಪರಿಮಳವೆಲ್ಲ ಆವಿಯೊಡನೆ ಹಾರಿಹೋಗಿ ಒಗರೊಂದೇ ಪಾತ್ರೆಯಲ್ಲಿ ಉಳಿಯಿತು.

ಆಗ ಆ ವಿದ್ಯಾರ್ಥಿಯೇ ನಮಗೆ ಪಾಠ ಹೇಳಿದನು. ನೀರನ್ನು ಮಾತ್ರ ಕುದಿಸಿ ಒಲೆಯಿಂದ ಇಳಿಸಬೇಕು. ಬಟ್ಟಲಿಗೆ ಒಂದು ಚಮಚದಂತೆ ಎಲೆಯನ್ನು ಹಾಕಿ ಅದರ ಮೇಲೆ ಬಿಸಿನೀರನ್ನು ಸುರಿದು ಮುಚ್ಚಿಡಬೇಕು. ಮೂರು ನಾಲ್ಕು ನಿಮಿಷಗಳಲ್ಲಿ ಎಲೆಯು ಅರಳಿ ಬಣ್ಣ ಬಿಡುತ್ತದೆ. ಸೋಸಿ ಹಾಲಿಲ್ಲದೆ ಕುಡಿಯಬೇಕು. ಹಾಗೆ ಮಾಡಿದಾಗ ಜೇನಿನ ಬಣ್ಣದ ಆ ಪಾನೀಯದ ಒಂದೊಂದು ಗುಟುಕಿನಲ್ಲಿಯೂ ಮೊದಲು ಮೂಗಿಗೆ ಪರಿಮಳ, ಆಮೇಲೆ ನಾಲಗೆಗೆ ರುಚಿ ದೊರೆಯಿತು. ಅವಸರವಿಲ್ಲದೆ ಕುಡಿಯಬೇಕಾದ ಚಹಾ ಅದು.

ಅಷ್ಟರಲ್ಲಿ ಅಭ್ಯಾಸದ ವಹಿಗಳನ್ನು ಒಪ್ಪಿಸಲು ಬಂದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿ, ಈ ಅರ್ಲ್ ಗ್ರೇ ಎಂಬುವನು ಯಾರು, ಈ ಚಹಾವನ್ನು ಕಂಡುಹಿಡಿದವನೇ ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇವೆಂದು ಕಳುಹಿಸಿದೆವು. ಆ ನಾಳೆ ಬರಲು ಹಲವು ತಿಂಗಳುಗಳೇ ಹಿಡಿದವು. ಮಕ್ಕಳು ಕೇಳಿದ ಪ್ರಶ್ನೆಯು ಗುರುವಿನ ತಲೆಯ ಮೇಲಿನ ಸಾಲವಿದ್ದಂತೆ. ಆ ಸಾಲವನ್ನು ಈ ಲೇಖನದಿಂದ ತೀರಿಸುತ್ತಿದ್ದೇವೆ.

ಮೊದಲು ಪರಿಮಳದ ಮಾತು. ಅದು ಬರ್ಗಮಾಟ್ ಎಂಬ ಹಣ್ಣಿನದು. ನಿಂಬೆಯೂ ಕಹಿ ಕಿತ್ತಳೆಯೂ ಕೂಡಿ ಹುಟ್ಟಿದ ತಳಿ ಇದೆಂದು ಸಸ್ಯಶಾಸ್ತ್ರಜ್ಞರು ತಿಳಿದಿದ್ದಾರೆ. ಗಾತ್ರದಲ್ಲಿ ಕಿತ್ತಳೆಯಷ್ಟು, ಬಣ್ಣದಲ್ಲಿ ಮೊದಲು ಹಸುರು, ಮಾಗಿದಂತೆ ಹಳದಿ. ಇಟಲಿ ದೇಶದ ದಕ್ಷಿಣದ ತುದಿಯಲ್ಲಿರುವ ಕಲಾಬ್ರಿಯ ಪ್ರಾಂತದ ಕಡಲ ತೀರದಲ್ಲಿ ಜಗತ್ತಿನ ಬಹುಪಾಲು ಬರ್ಗಮಾಟ್ ಬೆಳೆಯುತ್ತದೆ. ತಿರುಳು ಹುಳಿಯೂ ಕಹಿಯೂ ಆದುದರಿಂದ ಹಾಗೆಯೇ ತಿನ್ನುವವರು ವಿರಳ. ಸಿಪ್ಪೆಯ ಎಣ್ಣೆಯೇ ಅದರ ಐಶ್ವರ್ಯ. ಆ ಎಣ್ಣೆಯನ್ನು ತೆಗೆದು ಅತ್ತರುಗಳಿಗೆ ಬೆರೆಸುವರು. ಒಣಗಿದ ಕಪ್ಪು ಚಹಾದ ಎಲೆಗೂ ಊಡಿಸುವರು. ಹಾಗೆ ಊಡಿಸಿದ ಚಹಾಕ್ಕೆ ಅರ್ಲ್ ಗ್ರೇ ಎಂದು ಹೆಸರು. ಅರ್ಲ್ ಎಂಬುದು ಬಿರುದು. ನಮ್ಮ ಕಡೆಯ ಸರದಾರ, ಜಹಗೀರದಾರ ಎಂಬವುಗಳಂತೆ. ಮನುಷ್ಯನ ಹೆಸರು ಚಾರ್ಲ್ಸ್ ಗ್ರೇ.

ಚಾರ್ಲ್ಸ್ ಗ್ರೇಯು ಇಂಗ್ಲೆಂಡಿನ ಉತ್ತರದ ಗಡಿಯಲ್ಲಿರುವ ನಾರ್ಥಂಬರ್‌ಲ್ಯಾಂಡ್ ಪ್ರಾಂತದ ಫಾಲೊಡನ್ ಎಂಬಲ್ಲಿ ೧೭೬೪ನೆಯ ಇಸವಿಯ ಮಾರ್ಚ್ ೧೩ರಂದು ಜನಿಸಿದನು. ತಂದೆಯು ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯಲ್ಲಿಯೂ ಕೇಂಬ್ರಿಜ್ ವಿದ್ಯಾಪೀಠದಲ್ಲಿಯೂ ಆತನ ವಿದ್ಯಾಭ್ಯಾಸ ನಡೆಯಿತು. ೧೭೮೬ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ, ಆತನು ಸಂಸತ್ತಿನ ಕಾಮನ್ಸ್ ಸಭೆಗೆ ಸದಸ್ಯನಾಗಿ ಆರಿಸಿಬಂದನು. ಎತ್ತರದ ನಿಲುವು, ಗಂಭೀರವಾದ ಮುಖ, ಸ್ಪಷ್ಟವಾದ ವಾಣಿ. ಸಭೆಯ ಕಣ್ಣು ಆ ತರುಣನ ಮೇಲೆ ಬೀಳಲು ತಡವಾಗಲಿಲ್ಲ.

ಆತನ ಸಾರ್ವಜನಿಕ ಜೀವನದ ಮೊದಲ ದೊಡ್ಡ ಕಾರ್ಯವು ನಮ್ಮ ದೇಶಕ್ಕೇ ಸಂಬಂಧಿಸಿದುದು. ಬಂಗಾಲದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸನು ಭಾರತದಲ್ಲಿ ಅನ್ಯಾಯದಿಂದ ನಡೆದುಕೊಂಡನೆಂದು ಸಂಸತ್ತು ಅವನ ಮೇಲೆ ಮೊಕದ್ದಮೆ ಹೂಡಿತು. ೧೭೮೮ರಲ್ಲಿ ವಿಚಾರಣೆ ಮೊದಲಾಯಿತು. ಎಡ್ಮಂಡ್ ಬರ್ಕ್, ಫಾಕ್ಸ್, ಶೆರಿಡನ್ ಮುಂತಾದ ಹಿರಿಯ ವಾಗ್ಮಿಗಳೊಡನೆ ಆಪಾದನೆಯನ್ನು ನಡೆಸುವ ಮಂಡಲಿಯಲ್ಲಿ ತರುಣ ಗ್ರೇಗೂ ಸ್ಥಾನ ದೊರೆಯಿತು. ಕಾಶಿಯ ರಾಜ ಚೇತಸಿಂಹನಿಂದ ಹಣವನ್ನು ಹಿಂಡಿ ಅವನ ರಾಜ್ಯವನ್ನು ಕಿತ್ತುಕೊಂಡ ಪ್ರಕರಣದ ಮೇಲೆ ಫಾಕ್ಸನೊಡನೆ ಗ್ರೇಯೂ ವಾದಿಸಿದನು. ವಿಚಾರಣೆಯು ಏಳು ವರ್ಷ ಎಳೆದು ೧೭೯೫ರಲ್ಲಿ ಹೇಸ್ಟಿಂಗ್ಸನ ಬಿಡುಗಡೆಯೊಡನೆ ಮುಗಿಯಿತು. ಆದರೂ ದೂರದ ಪ್ರಜೆಗಳಿಗಾದ ಅನ್ಯಾಯವನ್ನು ಕೇಳುವವರು ಆ ದೇಶದಲ್ಲಿಯೂ ಇದ್ದರೆಂಬುದನ್ನು ನಾವು ಮರೆಯಬಾರದು.

ಇನ್ನು ಆತನ ಜೀವನದ ಮುಖ್ಯ ಕಾರ್ಯಕ್ಕೆ ಬರೋಣ. ಆ ಕಾಲದ ಇಂಗ್ಲೆಂಡಿನ ಚುನಾವಣೆಯ ಸ್ಥಿತಿಯನ್ನು ಕೇಳಿದರೆ ನಿಮಗೆ ನಗು ಬಂದೀತು. ಓಲ್ಡ್ ಸಾರಂ ಎಂಬುದು ಜನವಸತಿಯೇ ಇಲ್ಲದ ಹಾಳು ದಿಬ್ಬ. ಅಲ್ಲಿಂದ ಇಬ್ಬರು ಸದಸ್ಯರು ಸಂಸತ್ತಿಗೆ ಹೋಗುತ್ತಿದ್ದರು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂ, ಲೀಡ್ಸ್ ಎಂಬವು ಗಿರಣಿ ಕಾರಖಾನೆಗಳಿಂದ ಬೆಳೆದು ಸಾವಿರಾರು ಕುಟುಂಬಗಳಿಗೆ ಅನ್ನವಿಕ್ಕುತ್ತಿದ್ದ ನಗರಗಳು. ಅವುಗಳಿಗೆ ತಮ್ಮದೆನ್ನುವ ಒಬ್ಬ ಸದಸ್ಯನೂ ಇರಲಿಲ್ಲ. ನಮ್ಮ ಪಿಂಪ್ರಿ-ಚಿಂಚವಾಡದಂತಹ ಊರಿಗೆ ಪ್ರತಿನಿಧಿಯೇ ಇಲ್ಲದೆ, ಯಾವುದೋ ಪಾಳು ಕೋಟೆಗೆ ಇಬ್ಬರು ಪ್ರತಿನಿಧಿಗಳಿದ್ದರೆ ಹೇಗಿದ್ದೀತು, ಊಹಿಸಿ ನೋಡಿರಿ. ಜಮೀನುದಾರನು ಹೇಳಿದವನೇ ಎಷ್ಟೋ ಊರುಗಳಲ್ಲಿ ಸದಸ್ಯನಾಗುತ್ತಿದ್ದನು.

ಗ್ರೇಯು ಇದನ್ನು ತಿದ್ದಬೇಕೆಂದು ಪಣತೊಟ್ಟನು. ೧೭೯೨ರಲ್ಲಿ ಗೆಳೆಯರೊಡನೆ ಸೇರಿ ಜನಮಿತ್ರರ ಸಂಘವೊಂದನ್ನು ಕಟ್ಟಿದನು. ೧೭೯೩ರಲ್ಲಿ ಸುಧಾರಣೆಯ ವಿಷಯವನ್ನು ಸಭೆಯ ಮುಂದೆ ತಂದಾಗ ಆತನ ಪರವಾಗಿ ೪೧ ಮತಗಳು, ವಿರುದ್ಧವಾಗಿ ೨೮೨ ಮತಗಳು ಬಿದ್ದವು. ೧೭೯೭ರಲ್ಲಿ ಮತ್ತೆ ತಂದನು. ಪರವಾಗಿ ೯೧, ವಿರುದ್ಧವಾಗಿ ೨೫೬. ಪಕ್ಕದ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ ರಾಜನ ತಲೆಯೇ ಉರುಳಿದ್ದ ಕಾಲ. ಸುಧಾರಣೆಯೆಂಬ ಶಬ್ದವನ್ನು ಕೇಳಿದರೇ ಸಿರಿವಂತರು ನಡುಗುತ್ತಿದ್ದರು. ಸೋತ ತರುಣನು ಹೌವಿಕ್ ಎಂಬ ಹಳ್ಳಿಯಲ್ಲಿನ ಮನೆಗೆ ಹೋಗಿ ನೆಲಸಿದನು. ೧೭೯೪ರಲ್ಲಿ ಮೇರಿ ಪಾನ್ಸನ್‌ಬಿ ಎಂಬವಳನ್ನು ವಿವಾಹವಾಗಿದ್ದ ಆತನದು ದೊಡ್ಡ ಸಂಸಾರ. ದಂಪತಿಗಳಿಗೆ ಹದಿನೈದು ಮಕ್ಕಳು.

೧೮೦೬ರಲ್ಲಿ ಆತನಿಗೆ ಮಂತ್ರಿಪದವಿ ದೊರೆಯಿತು. ಮೊದಲು ನೌಕಾಖಾತೆ, ಫಾಕ್ಸನು ತೀರಿಕೊಂಡ ಮೇಲೆ ವಿದೇಶಾಂಗ ಖಾತೆ. ಆ ಮಂತ್ರಿಮಂಡಲವು ಬಾಳಿದುದು ಅಲ್ಪಕಾಲವೇ ಆದರೂ, ಮನುಷ್ಯರನ್ನು ಹಡಗಿನಲ್ಲಿ ತುಂಬಿ ಮಾರುವ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನು ೧೮೦೭ರಲ್ಲಿ ಆಯಿತು. ಕಾಮನ್ಸ್ ಸಭೆಯಲ್ಲಿ ಆ ಮಸೂದೆಯನ್ನು ಮುಂದೆ ನಿಂತು ನಡೆಸಿದವನು ಗ್ರೇ. ಅದೇ ವರ್ಷ ಮಂತ್ರಿಮಂಡಲ ಬಿದ್ದಿತು, ತಂದೆಯೂ ತೀರಿಕೊಂಡನು. ಅರ್ಲ್ ಎಂಬ ಬಿರುದು ಮಗನಿಗೆ ಬಂದು, ಆತನು ಸರದಾರರ ಸಭೆಯಾದ ಲಾರ್ಡ್ಸ್ ಸಭೆಗೆ ಹೋಗಬೇಕಾಯಿತು. ಅಲ್ಲಿಂದ ಮುಂದೆ ಇಪ್ಪತ್ತಮೂರು ವರ್ಷ ಆತನಿಗೆ ಅಧಿಕಾರವೆಂಬುದಿರಲಿಲ್ಲ. ಎಷ್ಟೋ ಸಲ ಆತನು ಬೇಸತ್ತನು. ರಾಜಕಾರಣವನ್ನು ಬಿಟ್ಟೇ ಬಿಡುವ ಮಾತನ್ನೂ ಆಡಿದನು. ಆದರೆ ಹಿಡಿದ ತತ್ತ್ವವನ್ನು ಮಾತ್ರ ಬಿಡಲಿಲ್ಲ.

೧೮೩೦ರ ನವೆಂಬರಿನಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ಗ್ರೇಯು ಪ್ರಧಾನ ಮಂತ್ರಿಯಾದನು. ಮರುವರ್ಷ ಮಾರ್ಚಿನಲ್ಲಿ ಸುಧಾರಣೆಯ ಮಸೂದೆ ಸಭೆಗೆ ಬಂದಿತು. ಎರಡನೆಯ ವಾಚನದಲ್ಲಿ ಪರವಾಗಿ ೩೦೨, ವಿರುದ್ಧವಾಗಿ ೩೦೧. ಒಂದೇ ಒಂದು ಮತದಿಂದ ಅದು ಪಾರಾಯಿತು. ಒಂದು ಮತದಿಂದ ಏನಾದೀತು ಎನ್ನುವವರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ತೊಡಕುಗಳು ಬಂದುದರಿಂದ ಹೊಸ ಚುನಾವಣೆಯಾಗಿ, ಸುಧಾರಣೆಯ ಪಕ್ಷವೇ ಗೆದ್ದಿತು. ಆದರೆ ಅಕ್ಟೋಬರಿನಲ್ಲಿ ಲಾರ್ಡ್ಸ್ ಸಭೆಯು ೪೧ ಮತಗಳ ಅಂತರದಿಂದ ಮಸೂದೆಯನ್ನು ತಳ್ಳಿಹಾಕಿತು. ಊರೂರುಗಳಲ್ಲಿ ಜನ ಕೆರಳಿದರು. ಬ್ರಿಸ್ಟಲ್ ನಗರದಲ್ಲಿ ಬೆಂಕಿ ಬಿದ್ದಿತು. ಹೊಸ ಸರದಾರರನ್ನು ನೇಮಿಸಿ ಸಭೆಯ ಬಲಾಬಲವನ್ನು ಬದಲಿಸಬೇಕೆಂದು ಗ್ರೇಯು ಅರಸನಾದ ನಾಲ್ಕನೆಯ ವಿಲಿಯಮನನ್ನು ಕೇಳಿದನು. ಅರಸನು ಒಪ್ಪದಿರಲು ೧೮೩೨ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. ಬೇರೆ ಯಾರಿಂದಲೂ ಮಂತ್ರಿಮಂಡಲ ಕಟ್ಟಲಾಗದೆ ಅರಸನು ಆತನನ್ನೇ ಮರಳಿ ಕರೆಯಬೇಕಾಯಿತು. ಸರದಾರರು ಮಣಿದರು. ೧೮೩೨ರ ಜೂನ್ ೭ರಂದು ಮಸೂದೆಯು ಕಾನೂನಾಯಿತು. ಮೊದಲ ಸೋಲಿನಿಂದ ಈ ಗೆಲುವಿನವರೆಗೆ ೩೯ ವರ್ಷಗಳು ಕಳೆದಿದ್ದವು.

ಈ ಕಾನೂನಿನಿಂದ ೫೬ ಹಾಳೂರುಗಳು ತಮ್ಮ ಪ್ರಾತಿನಿಧ್ಯವನ್ನು ಪೂರ್ತಿಯಾಗಿ ಕಳೆದುಕೊಂಡವು. ಮ್ಯಾಂಚೆಸ್ಟರ್ ಮುಂತಾದ ಕೈಗಾರಿಕೆಯ ನಗರಗಳಿಗೆ ಸದಸ್ಯರು ದೊರೆತರು. ಆದರೆ ಇದರಿಂದ ಎಲ್ಲರಿಗೂ ಮತದ ಹಕ್ಕು ಬಂದಿತೆಂದು ತಿಳಿಯಬಾರದು. ಇಷ್ಟು ಬಾಡಿಗೆಯ ಮನೆಯುಳ್ಳವನಿಗೆ ಮಾತ್ರ ಮತ ಎಂಬ ಕಟ್ಟಳೆಯಿಂದ ಕೂಲಿಕಾರರು ಹೊರಗುಳಿದರು. ಸ್ತ್ರೀಯರಿಗಂತೂ ಹಕ್ಕೇ ಇರಲಿಲ್ಲ. ಸ್ತ್ರೀಪುರುಷರೆಲ್ಲರಿಗೂ ಸಮಾನವಾದ ಮತಾಧಿಕಾರವು ಆ ದೇಶಕ್ಕೆ ಬಂದುದು ೧೯೨೮ರಲ್ಲಿ. ನಮ್ಮ ಸಂವಿಧಾನವಾದರೋ ೧೯೫೦ರಲ್ಲಿ ಒಂದೇ ಹೆಜ್ಜೆಗೆ ಎಲ್ಲ ವಯಸ್ಕರಿಗೂ ಆ ಹಕ್ಕನ್ನು ಕೊಟ್ಟಿತು. ಗ್ರೇಯ ಕಾಲದಲ್ಲಿ ಅರಮನೆಗಳೂ ನಡುಗಿದ ಮಾತು ನಮ್ಮಲ್ಲಿ ಇಟ್ಟಿಗೆ ಹೊರುವ ತಾಯಿಯ ಪಾಲಿಗೂ ಸಹಜವಾಗಿ ಬಂದಿದೆ. ಸಹಜವಾಗಿ ಬಂದುದರ ಬೆಲೆ ಮರೆತುಹೋಗುವುದು ಸುಲಭ.

ಗ್ರೇಯ ಆಡಳಿತದಲ್ಲಿ ೧೮೩೩ನೆಯ ವರ್ಷವು ಬಹು ಫಲವತ್ತಾದುದು. ಆ ವರ್ಷ ಮೂರು ದೊಡ್ಡ ಕಾನೂನುಗಳಾದವು. ಮೊದಲನೆಯದು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ನಿಲ್ಲಿಸುವ ಕಾನೂನು. ಆದರೆ ಪರಿಹಾರವೆಂದು ಇಟ್ಟ ಎರಡು ಕೋಟಿ ಪೌಂಡು ಹಣವು ಗುಲಾಮರಿಗಲ್ಲ, ಒಡೆಯರಿಗೆ ಸಂದಿತು. ಭಾರತದಲ್ಲಿ ಕಂಪನಿಯ ಆಳ್ವಿಕೆಯ ಪ್ರದೇಶಗಳನ್ನು ಆ ಕಾನೂನಿನಿಂದ ಹೊರಗಿಟ್ಟರು. ಎರಡನೆಯದು ಕಾರಖಾನೆಗಳ ಕಾನೂನು. ಒಂಬತ್ತು ವರ್ಷಕ್ಕಿಂತ ಸಣ್ಣ ಮಕ್ಕಳನ್ನು ಬಟ್ಟೆಯ ಗಿರಣಿಗಳಲ್ಲಿ ದುಡಿಸಬಾರದು, ಹದಿಮೂರರೊಳಗಿನವರಿಗೆ ದಿನಕ್ಕೆ ಎರಡು ತಾಸು ಪಾಠವಿರಬೇಕು, ಇದನ್ನು ನೋಡಿಕೊಳ್ಳಲು ಸರಕಾರದ ತನಿಖೆಗಾರರಿರಬೇಕು ಎಂದು ಅದು ವಿಧಿಸಿತು. ನಿಮ್ಮ ವಯಸ್ಸಿನವರೇ, ನಿಮಗಿಂತ ಚಿಕ್ಕವರೇ ಅಂದು ಯಂತ್ರಗಳ ನಡುವೆ ದುಡಿಯುತ್ತಿದ್ದರು. ಮಕ್ಕಳು ಇರಬೇಕಾದ ಸ್ಥಳ ಶಾಲೆಯೆಂಬ ಮಾತಿಗೆ ಕಾನೂನಿನ ಬಲ ಬಂದುದು ಇಂತಹ ಹೆಜ್ಜೆಗಳಿಂದ.

ಮೂರನೆಯದು ಈಸ್ಟ್ ಇಂಡಿಯಾ ಕಂಪನಿಯ ಸನದಿನ ಕಾನೂನು. ಇಲ್ಲಿಯೇ ಗ್ರೇಗೂ ಚಹಾಕ್ಕೂ ಇರುವ ನಿಜವಾದ ಸಂಬಂಧವು ದೊರೆಯುತ್ತದೆ. ಅಂದಿನವರೆಗೆ ಇಂಗ್ಲೆಂಡಿನವರು ಕುಡಿಯುತ್ತಿದ್ದ ಚಹಾವೆಲ್ಲ ಚೀನ ದೇಶದ್ದು. ಅದನ್ನು ತರುವ ಹಕ್ಕು ಕಂಪನಿಯೊಂದಕ್ಕೇ ಮೀಸಲು. ೧೮೩೩ರ ಕಾನೂನು ಆ ಏಕಸ್ವಾಮ್ಯವನ್ನು ಕಿತ್ತುಹಾಕಿತು. ೧೮೩೪ರ ಏಪ್ರಿಲಿನಿಂದ ಯಾವ ವರ್ತಕನು ಬೇಕಾದರೂ ಚೀನದ ಚಹಾವನ್ನು ತರಬಹುದಾಯಿತು. ಅದೇ ೧೮೩೪ರಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಭಾರತದಲ್ಲಿ ಚಹಾ ಬೆಳೆಯುವ ಬಗೆಯನ್ನು ಶೋಧಿಸಲು ಸಮಿತಿಯೊಂದನ್ನು ನೇಮಿಸಿದನು. ಅಸ್ಸಾಮಿನ ಕಾಡಿನಲ್ಲಿ ಚಹಾದ ಗಿಡವು ತಾನಾಗಿಯೇ ಬೆಳೆಯುವುದೆಂದು ಖಚಿತವಾಯಿತು. ೧೮೩೯ರಲ್ಲಿ ಅಸ್ಸಾಮಿನ ಎಂಟು ಪೆಟ್ಟಿಗೆ ಚಹಾ ಲಂಡನ್ನಿನಲ್ಲಿ ಹರಾಜಾಯಿತು. ನಾವು ಇಂದು ಬೀದಿಬೀದಿಯಲ್ಲಿ ಕುಡಿಯುವ ಚಹಾದ ಕಥೆ ಆರಂಭವಾಗುವುದು ಅಲ್ಲಿಂದ.

ಇಲ್ಲಿ ಇನ್ನೊಂದು ಮುಖವನ್ನೂ ತೋರಿಸುವುದು ನಮ್ಮ ಕರ್ತವ್ಯ. ಗ್ರೇಯು ಪ್ರಧಾನಿಯಾಗಿದ್ದ ಮೂರೂವರೆ ವರ್ಷಗಳಲ್ಲಿ ನಮ್ಮ ಕನ್ನಡ ನಾಡಿನಲ್ಲಿ ನಡೆದುದೇನು? ೧೮೩೧ರ ಜನವರಿಯಲ್ಲಿ ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನನ್ನು ಕಂಪನಿಯವರು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ನಗರದ ರೈತರ ದಂಗೆಯನ್ನು ನೆಪಮಾಡಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ಅದು ರಾಜಮನೆತನಕ್ಕೆ ಮರಳಿದುದು ೧೮೮೧ರಲ್ಲಿ. ೧೮೩೪ರಲ್ಲಿ ಚಿಕವೀರ ರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದರು. ಇವೆಲ್ಲ ಕಂಪನಿಯ ಅಧಿಕಾರಿಗಳ ಕೈಯಿಂದ ಇಲ್ಲಿಯೇ ಆದ ಕಾರ್ಯಗಳು. ಅಂದು ಸುದ್ದಿಯು ಲಂಡನ್ನನ್ನು ಮುಟ್ಟಲು ತಿಂಗಳುಗಳೇ ಬೇಕಾಗಿದ್ದವು. ಆದರೂ ತಾರುಣ್ಯದಲ್ಲಿ ಕಾಶಿಯ ರಾಜನ ಪರವಾಗಿ ವಾದಿಸಿದವನ ಸರಕಾರವೇ ಕಂಪನಿಗೆ ಇನ್ನೂ ಇಪ್ಪತ್ತು ವರ್ಷ ನಮ್ಮನ್ನು ಆಳಲು ಸನದು ಬರೆದುಕೊಟ್ಟಿತು. ಜಾತಿ, ಮತ, ಬಣ್ಣಗಳ ಕಾರಣದಿಂದ ಯಾವ ಭಾರತೀಯನನ್ನೂ ಹುದ್ದೆಯಿಂದ ದೂರವಿಡಬಾರದೆಂದು ಆ ಸನದಿನಲ್ಲಿ ಬರೆದಿದ್ದರೂ ಅದು ಬಹುಕಾಲ ಕಾಗದದ ಮೇಲೆಯೇ ಉಳಿಯಿತು. ತನ್ನ ದೇಶದಲ್ಲಿಯೂ ಆತನು ಎಲ್ಲರಿಗೂ ಮೃದುವಾಗಿರಲಿಲ್ಲ. ಹೊಟ್ಟೆಗಿಲ್ಲದೆ ಯಂತ್ರಗಳನ್ನು ಒಡೆದ ಹೊಲದ ಕೂಲಿಕಾರರಲ್ಲಿ ನೂರಾರು ಮಂದಿಯನ್ನು ಆತನ ಸರಕಾರದ ಕಾಲದಲ್ಲಿ ದೂರದ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿದರು. ಬಂಧುಬಳಗಕ್ಕೆ ಹುದ್ದೆಗಳನ್ನು ಹಂಚಿದನೆಂಬ ದೂರೂ ಇದ್ದಿತು. ಒಬ್ಬ ಮನುಷ್ಯನ ಬೆಳಕನ್ನು ಕಂಡು ನೆರಳನ್ನು ಕಾಣದಿದ್ದರೆ ಅದು ಚರಿತ್ರೆಯಲ್ಲ, ಸ್ತೋತ್ರ.

೧೮೩೪ರ ಜುಲೈಯಲ್ಲಿ ಐರ್ಲೆಂಡಿನ ವಿಷಯವಾಗಿ ಸಹೋದ್ಯೋಗಿಗಳಲ್ಲಿ ಭೇದ ಹುಟ್ಟಲು ಗ್ರೇಯು ಅಧಿಕಾರವನ್ನು ಬಿಟ್ಟು ಹೌವಿಕ್‌ಗೆ ಮರಳಿದನು. ಅಲ್ಲಿಯೇ ಶಾಂತಿಯಿಂದ ಕಾಲಕಳೆದು ೧೮೪೫ರ ಜುಲೈ ೧೭ರಂದು, ೮೧ನೆಯ ವಯಸ್ಸಿನಲ್ಲಿ, ಕಣ್ಣುಮುಚ್ಚಿದನು. ಊರಿನ ಚಿಕ್ಕ ಇಗರ್ಜಿಯಲ್ಲಿ ಆತನ ಸಮಾಧಿಯಿದೆ. ಆತನು ಬದುಕಿದ್ದಾಗಲೇ, ೧೮೩೮ರಲ್ಲಿ, ನ್ಯೂಕ್ಯಾಸಲ್ ನಗರದ ನಡುವೆ ಸುಧಾರಣೆಯ ನೆನಪಿಗಾಗಿ ಎತ್ತರದ ಕಲ್ಲಿನ ಕಂಬವನ್ನು ನಿಲ್ಲಿಸಿ ಅದರ ತುದಿಯಲ್ಲಿ ಆತನ ಪ್ರತಿಮೆಯನ್ನು ಇಟ್ಟರು. ೧೯೪೧ರಲ್ಲಿ ಸಿಡಿಲು ಬಡಿದು ಪ್ರತಿಮೆಯ ತಲೆ ಕಳಚಿಬಿದ್ದಿತು; ಮುಂದೆ ಹೊಸ ತಲೆಯನ್ನು ಮಾಡಿಸಿ ಕೂಡಿಸಿದರು.

ಹಾಗಾದರೆ ಬರ್ಗಮಾಟ್ ಚಹಾಕ್ಕೆ ಈತನ ಹೆಸರು ಬಂದುದು ಹೇಗೆ? ಕಥೆಗಳು ಹಲವು. ನೀರಿನಲ್ಲಿ ಮುಳುಗುತ್ತಿದ್ದ ಚೀನೀ ಅಧಿಕಾರಿಯ ಮಗನನ್ನು ಗ್ರೇಯ ಕಡೆಯವನು ಕಾಪಾಡಿದುದಕ್ಕೆ ಕೃತಜ್ಞತೆಯಿಂದ ಈ ಚಹಾ ಬಂದಿತೆಂಬುದು ಒಂದು. ಆದರೆ ಗ್ರೇಯು ಚೀನಕ್ಕೆ ಹೋದವನೇ ಅಲ್ಲ. ಹೌವಿಕ್‌ನ ಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದರ ರುಚಿಯನ್ನು ಮರೆಸಲು ಚೀನೀಯನೊಬ್ಬನು ಬರ್ಗಮಾಟ್ ಬೆರೆಸಿ ಕೊಟ್ಟನು, ಗ್ರೇಯ ಪತ್ನಿಯು ಅತಿಥಿಗಳಿಗೆ ಅದನ್ನು ಕೊಡಲು ಅದು ಹೆಸರಾಯಿತು ಎಂಬುದು ಆ ಮನೆತನದವರು ಹೇಳುವ ಕಥೆ. ಲಂಡನ್ನಿನ ಎರಡು ಹಳೆಯ ಅಂಗಡಿಗಳು, ಟ್ವೈನಿಂಗ್ಸ್ ಮತ್ತು ಜ್ಯಾಕ್ಸನ್ಸ್, ಆ ಚಹಾವನ್ನು ಮೊದಲು ಮಾರಿದವರು ತಾವೇ ಎಂದು ಹೇಳಿಕೊಂಡಿವೆ. ಆದರೆ ದಾಖಲೆಗಳು ಬೇರೊಂದನ್ನು ಹೇಳುತ್ತವೆ. ೧೮೨೦ರ ಮತ್ತು ೧೮೩೦ರ ದಶಕಗಳಲ್ಲಿ ಚಹಾಕ್ಕೆ ಬರ್ಗಮಾಟ್ ಬೆರೆಸುವುದೆಂದರೆ ಕೀಳು ಚಹಾವನ್ನು ಮೇಲು ಚಹಾವೆಂದು ಮಾರುವ ಉಪಾಯವಾಗಿತ್ತು. ೧೮೩೭ರಲ್ಲಿ ಅದಕ್ಕಾಗಿ ವರ್ತಕರ ಮೇಲೆ ಮೊಕದ್ದಮೆಯೂ ನಡೆಯಿತು. ಅರ್ಲ್ ಗ್ರೇಯ ಹೆಸರಿನ ಚಹಾದ ಜಾಹೀರಾತುಗಳು ಕಾಣುವುದು ೧೮೮೦ರ ದಶಕದಲ್ಲಿ, ಆತನು ಸತ್ತು ಸುಮಾರು ನಲವತ್ತು ವರ್ಷಗಳ ಮೇಲೆ. ಆತನು ಈ ಚಹಾವನ್ನು ಕುಡಿದನೆಂದು ತೋರಿಸುವ ಸಾಕ್ಷ್ಯವಿಲ್ಲ. ಗೌರವದ ಹೆಸರನ್ನು ಸರಕಿಗೆ ಅಂಟಿಸುವುದು ವರ್ತಕರಿಗೆ ಅಂದೂ ತಿಳಿದಿತ್ತು, ಇಂದೂ ತಿಳಿದಿದೆ.

ಕಥೆ ಸುಳ್ಳಾದರೂ ಅದರೊಳಗಿನ ನೀರಿನ ಮಾತು ನಮಗೆ ಹಿಡಿಸಿತು. ನೀರು ಬದಲಾದರೆ ಚಹಾದ ರುಚಿ ಬದಲಾಗುವುದೆಂಬುದನ್ನು ಊರು ಬಿಟ್ಟು ಬಂದವರೆಲ್ಲರೂ ಬಲ್ಲರು. ನಾವು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಮುಂದೆ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದು ಪವನೆಯ ನೀರಿನಲ್ಲಿ ಮೊದಲ ಚಹಾ ಕಾಸಿದ ದಿನ ಅದು ನಮ್ಮ ಮನೆಯ ಚಹಾ ಆಗಿರಲಿಲ್ಲ. ಈಗ ಊರಿಗೆ ಹೋದಾಗ ಅಲ್ಲಿಯ ಚಹಾವೇ ಬೇರೆಯೆನಿಸುತ್ತದೆ. ನಿಮ್ಮ ತಂದೆತಾಯಿಗಳನ್ನು ಕೇಳಿ ನೋಡಿರಿ. ವಿಜಯಪುರ, ಕಲಬುರಗಿ, ಬೆಳಗಾವಿಗಳ ಕಡೆಯಿಂದ ಬಂದ ಅವರೂ ಇದನ್ನೇ ಹೇಳಿಯಾರು.

ಬಾಲಕಿಯ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಮಗು, ಗ್ರೇಯು ಈ ಚಹಾವನ್ನು ಕಂಡುಹಿಡಿದವನಲ್ಲ. ಹಾಳು ದಿಬ್ಬಕ್ಕಿದ್ದ ಪ್ರತಿನಿಧಿಯನ್ನು ಕಾರಖಾನೆಯ ಊರಿಗೆ ಕೊಡಿಸಲು ಮೂವತ್ತೊಂಬತ್ತು ವರ್ಷ ಕಾದವನು. ತನ್ನ ದೇಶಕ್ಕೆ ಕೊಡಿಸಿದ ನ್ಯಾಯವನ್ನು ನಮ್ಮ ದೇಶಕ್ಕೆ ಕೊಡಿಸದೆ ಹೋದವನು. ಡಬ್ಬಿಯ ಮೇಲೆ ಇದಾವುದೂ ಬರೆದಿಲ್ಲ. ಚಿಂಚವಾಡದ ಚಾಪೇಕರ ಚೌಕವನ್ನು ನಾವು ದಿನವೂ ದಾಟುತ್ತೇವೆ. ಆ ಸಹೋದರರು ಯಾರೆಂದು ನಿಂತು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕಂಬದ ಮೇಲಿರಲಿ, ಚೌಕದಲ್ಲಿರಲಿ, ಚಹಾದ ಡಬ್ಬಿಯಲ್ಲಿರಲಿ, ಹೆಸರೊಂದು ಕಂಡಾಗ ಅದರ ಹಿಂದಿನ ಮನುಷ್ಯನನ್ನು ವಿಚಾರಿಸಿರಿ. ಗುರುಗಳಿಗೆ ಗೊತ್ತಿಲ್ಲದಿದ್ದರೆ ಅಂಜದೆ ಮತ್ತೊಮ್ಮೆ ಕೇಳಿರಿ, ಅವರೂ ಕಲಿಯುವರು. ಡಬ್ಬಿಯ ಚಹಾ ಮುಗಿದು ಬಹುದಿನಗಳಾದವು. ಈಗ ಅದರಲ್ಲಿ ನಮ್ಮ ಸೀಮೆಸುಣ್ಣದ ತುಂಡುಗಳಿವೆ. ಮುಚ್ಚಳ ತೆರೆದಾಗ ಇನ್ನೂ ಅಷ್ಟಿಷ್ಟು ಪರಿಮಳ ಬರುತ್ತದೆ.